ಆರಿದ ಹೆಡ್‌ಲೈಟ್, ಒಡೆಯದ ಬೀಗ

"ಮೇಡಂ, ಹಂಗೇ ನಿಂತ್ಕೊಂಡು ನೋಡ್ತಾ ಇರಿ. ರೆಪ್ಪೆ ಬಡೀಬೇಡಿ," ಅಂದ ಸೋಮನಾಥ್, ಸ್ಟೇರಿಂಗಿನ ಹಿಂದೆ ಕೂತು.

ಶಿಲ್ಪಶ್ರೀ ಕಾರಿನ ಮುಂದೆ ನಿಂತಿದ್ದಳು. ಹಾಡಹಗಲಲ್ಲೂ ಆ ಎರಡು ಎಲ್‌ಇಡಿ ಹೆಡ್‌ಲೈಟುಗಳು ಕಣ್ಣಿಗೆ ಸೂಜಿ ಚುಚ್ಚುವ ಹಾಗೆ ಉರಿಯುತ್ತಿದ್ದವು. ಎಂಜಿನ್ ಬಿಸಿಯಾಗಿ ಒಳಗಿನ ಫ್ಯಾನ್ ಗುರ್ ಅಂತ ತಿರುಗತೊಡಗಿದ್ದೇ ತಡ, ಎಡಗಡೆಯ ಲೈಟು ಪಟಪಟ ಅಂತ ಮಿಟುಕಿತು.

"ನಾನು ರೆಪ್ಪೆ ಬಡೀಲಿಲ್ಲ. ನಿಮ್ಮ ಲೈಟೇ ಬಡೀತು," ಅಂದಳು ಅವಳು.

ಸೋಮನಾಥ್ ಕಾರಿನಿಂದ ಇಳಿದು ತಲೆ ಕೆರೆದುಕೊಂಡ. ಕತ್ರಿಗುಪ್ಪೆಯ ಈ ಅಡ್ಡರಸ್ತೆಯಲ್ಲಿ ಕಾರಿನ ವೈರು, ಬಲ್ಬು, ಹಾರ್ನು ಅಂದರೆ ಅವನದೇ ಅಂಗಡಿ. ಅಂಗಡಿಯಿದ್ದ ಕಟ್ಟಡ ಸಾರಕ್ಕಿಯ ಗಂಗಾಧರಯ್ಯನವರದು. ಈ ಕಾರೂ ಅವರದೇ. ಹಾಗಾಗಿ ಅವನು ಉಗುಳು ನುಂಗಿ ನುಂಗಿ ಮಾತಾಡುತ್ತಿದ್ದ.

ಗಂಗಾಧರಯ್ಯ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಂಚೆ ಮೊಣಕಾಲಿಗೆ ಮಡಚಿ ಕೂತಿದ್ದರು. ಕಾರಿನ ಒಂದು ಕೀ ಸ್ಟೇರಿಂಗಿನ ಪಕ್ಕದಲ್ಲಿತ್ತು, ಇನ್ನೊಂದು ಅವರ ಮುಷ್ಟಿಯಲ್ಲಿ. ಅವರಿಂದ ದೂರದಲ್ಲಿ, ಹಳೇ ಬ್ಯಾಟರಿಯೊಂದರ ಮೇಲೆ, ತಮ್ಮನ ಮಗ ರವಿಕಿರಣ್ ಕೂತಿದ್ದ. ಇಬ್ಬರೂ ಮೊನ್ನೆಯಿಂದ ಮಾತಾಡಿರಲಿಲ್ಲ.

ಮೊನ್ನೆ ಇದೇ ಕಾರಿನ ಹಿಂದಿನ ಸೀಟಿನಿಂದ ಅವರ ಕುಲದೇವತೆ ಹೊಂಗೆಮರದಮ್ಮನ ಬೆಳ್ಳಿ ಮುಖವಿದ್ದ ಪೆಟ್ಟಿಗೆ ಮಾಯವಾಗಿತ್ತು. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಎರಡನೇ ಕೀ ಆವತ್ತು ಇದ್ದದ್ದು ರವಿಕಿರಣನ ಜೇಬಿನಲ್ಲಿ. ಇನ್ನೇನು ಬೇಕು? ಇವತ್ತು ಸಂಜೆ ಸಾರಕ್ಕಿಯಲ್ಲಿ ಕುಲದ ಹಿರಿಯರು ಕೂಡುವವರಿದ್ದರು. ಅಲ್ಲಿಂದ ಎದ್ದವರೇ ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ ಅವನ ಹೆಸರು ಬರೆಸುವುದು ಅಂತ ತೀರ್ಮಾನವಾಗಿತ್ತು.

ಅವನ ತಾಯಿ ಸೊಣ್ಣಮ್ಮ ನಿನ್ನೆ ಜೆ.ಪಿ. ನಗರಕ್ಕೆ ಬಂದು ಶಿಲ್ಪಶ್ರೀಯ ಮನೆ ಬಾಗಿಲು ತಟ್ಟಿದ್ದಳು. ಇನ್ಶೂರೆನ್ಸ್ ಕಂಪನಿಯ ಪರವಾಗಿ, ಗುದ್ದಿಸಿಕೊಂಡ ಕಾರುಗಳನ್ನು ಪರೀಕ್ಷೆ ಮಾಡಿ ಮಾಡಿ ಸಾಕಾಗಿ, ಈಗ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಪತ್ತೇದಾರಿ ಕಚೇರಿ ನಡೆಸುತ್ತಿದ್ದ ಶಿಲ್ಪಶ್ರೀ, ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಲೇ ಅಷ್ಟೂ ಕಥೆ ಕೇಳಿದ್ದಳು.

"ನನ್ ಮಗ ಕಳ್ಳ ಅಲ್ಲ ಅಂತ ಎಲ್ಲರ ಎದುರಿಗೆ ತೋರಿಸಿಕೊಡಿ ಮೇಡಂ. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ," ಅಂದಿದ್ದಳು ಸೊಣ್ಣಮ್ಮ.

"ಏನಮ್ಮಾ," ಗಂಗಾಧರಯ್ಯ ಕುರ್ಚಿಯಿಂದಲೇ ಕೂಗಿದರು. "ಕಳ್ಳನ್ನ ಹಿಡಿಯೋಕೆ ಬಂದವಳು ಬಲ್ಬ್ ನೋಡ್ತಾ ನಿಂತಿದ್ದೀಯಲ್ಲ. ಬಲ್ಬ್ ಏನಾದ್ರೂ ಸಾಕ್ಷಿ ಹೇಳ್ತದಾ?"

"ಕೇಳೋ ಹಂಗೆ ಕೇಳಿದ್ರೆ ಹೇಳ್ತದೆ ಸಾರ್," ಅಂದಳು ಶಿಲ್ಪಶ್ರೀ. ಅವಳಿಗೆ ಇವತ್ತು ಯಾಕೋ ಮನಸ್ಸು ಹಗುರವಾಗಿತ್ತು. ಮಗಳು ಬೆಳಗ್ಗೆ ತಾನಾಗೇ ಎದ್ದು ಹಲ್ಲುಜ್ಜಿದ್ದಳು. ದಾರಿಯಲ್ಲಿ ತಿಂದ ತಟ್ಟೆ ಇಡ್ಲಿ ಬಾಯಲ್ಲಿಟ್ಟರೆ ಕರಗುವಂತಿತ್ತು. ಅಂಥ ದಿನ ಯಾರು ಏನಂದರೂ ಅವಳಿಗೆ ತಟ್ಟುತ್ತಿರಲಿಲ್ಲ. "ಈ ಲೈಟು ಯಾಕೆ ಹಾಕಿಸಿದ್ರಿ, ಅದನ್ನ ಹೇಳಿ."

ಗಂಗಾಧರಯ್ಯ ಕೆಮ್ಮಿದರು. "ಅದು ನಮ್ ಕುಲದ ಪದ್ಧತಿ. ತಾಯಿ ಮನೆ ಬಿಟ್ಟು ಹೊರಗಡೆ ಇರೋವಾಗ ಅವಳ ಮುಂದೆ ಬೆಳಕು ಇರ್ಲೇಬೇಕು. ನಮ್ಮಪ್ಪನ ಕಾಲದಲ್ಲಿ ಪಂಜು ಹಿಡಿದು ಮುಂದೆ ನಡೀತಿದ್ರು. ಆಮೇಲೆ ಗಾಡಿಗೆ ಲಾಟೀನು. ಈಗ ಕಾರು, ಅದ್ಕೆ ಹೆಡ್‌ಲೈಟು. ಹಗಲಾಗ್ಲಿ ರಾತ್ರಿಯಾಗ್ಲಿ, ಗಾಡಿ ನಿಂತಿರ್ಲಿ ಓಡ್ತಿರ್ಲಿ, ಲೈಟ್ ಉರೀತಾನೇ ಇರ್ಬೇಕು."

"ಹಳೇ ಬಲ್ಬು ಬ್ಯಾಟರಿ ಕುಡಿದುಬಿಡ್ತಿತ್ತು ಮೇಡಂ," ಸೋಮನಾಥ್ ಸೇರಿಸಿದ. "ಹೋದ ವರ್ಷ ಗಾಡಿ ಸ್ಟಾರ್ಟೇ ಆಗ್ಲಿಲ್ಲ. ದೇವಿ ಒಳಗೆ, ಯಜಮಾನ್ರು ಹಿಂದೆ. ಬನಶಂಕರಿ ರೋಡಲ್ಲಿ ರೇಷ್ಮೆ ಪಂಚೇಲಿ ತಳ್ಳಿದ್ರು."

"ನೀನು ಬಾಯಿ ಮುಚ್ಚು," ಅಂದರು ಗಂಗಾಧರಯ್ಯ.

ರವಿಕಿರಣನ ತುಟಿಯಂಚಲ್ಲಿ ನಗು ಬಂದು ಹೋಯಿತು. ಶಿಲ್ಪಶ್ರೀ ಅದನ್ನು ಗಮನಿಸಿದಳು. ಪರವಾಗಿಲ್ಲ, ಹುಡುಗ ಇನ್ನೂ ಪೂರ್ತಿ ಸೋತಿಲ್ಲ.

"ಇನ್ನೊಂದು ಅರ್ಥವಾಗ್ಲಿಲ್ಲ. ದೇವಿ ಕಾರಲ್ಲಿದ್ದಾಗ ಇಬ್ಬರೂ ಇಳಿದು ಹೋಗಿದ್ದು ಯಾಕೆ? ಒಬ್ಬರು ಕೂತಿರಬಹುದಿತ್ತಲ್ಲ?"

ಇದಕ್ಕೆ ರವಿಕಿರಣ್ ಉತ್ತರ ಕೊಟ್ಟ. "ಒಬ್ಬರೇ ಕೂರೋ ಹಂಗಿಲ್ಲ ಮೇಡಂ. ನಮ್ದು ಎರಡು ಕವಲು, ದೊಡ್ಡಪ್ಪಂದು ಒಂದು, ನಮ್ದು ಒಂದು. ಪೆಟ್ಟಿಗೆ ಹತ್ರ ಇದ್ರೆ ಎರಡೂ ಕವಲಿನವರು ಇರ್ಬೇಕು. ಇಲ್ಲಾಂದ್ರೆ ಯಾರೂ ಇರ್ಬಾರ್ದು. ಹಿಂದೆ ಯಾವಾಗ್ಲೋ ತಾಯಿ ಮೂಗುತಿ ಕಾಣೆಯಾಗಿ ದೊಡ್ಡ ಗಲಾಟೆ ಆಗಿತ್ತಂತೆ. ಆವತ್ತಿಂದ ಈ ಕಟ್ಟಳೆ."

"ಅಂದ್ರೆ ಒಬ್ಬರನ್ನೊಬ್ಬರು ನಂಬಲ್ಲ ಅಂತ ಇಬ್ಬರೂ ಸೇರಿ ಕಾರನ್ನ ನಂಬಿದ್ರಿ."

ಗಂಗಾಧರಯ್ಯ ಕಾಫಿ ಲೋಟ ಎತ್ತಿ ನೋಡಿದರು, ಖಾಲಿಯಿತ್ತು, ಕೆಳಗಿಟ್ಟರು.

ಆವತ್ತು ಆದದ್ದು ಇಷ್ಟೇ. ಪೆಟ್ಟಿಗೆ ಈ ವರ್ಷ ಸಾರಕ್ಕಿಯ ಗಂಗಾಧರಯ್ಯನವರ ಮನೆಯಿಂದ ಇಟ್ಟಮಡುವಿನ ಸೊಣ್ಣಮ್ಮನ ಮನೆಗೆ ಹೋಗಬೇಕಿತ್ತು. ದಾರಿಯಲ್ಲಿ ಇಲ್ಲೇ ಕತ್ರಿಗುಪ್ಪೆಯ ಹೂವಿನಂಗಡಿಗಳ ಹತ್ತಿರ ಕಾರು ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದರು, ಲೈಟು ಉರಿಯಲು ಬಿಟ್ಟರು. ದೊಡ್ಡಪ್ಪ ಲಾಕ್ ಮಾಡಲು ರಿಮೋಟ್ ಒತ್ತಿ ಸೇವಂತಿಗೆ ಹಾರಕ್ಕೆ ಹೋದರು, ರವಿಕಿರಣ್ ತೆಂಗಿನಕಾಯಿಗೆ ಹೋದ. ವಾಪಸ್ ಬರುತ್ತಾ ದೂರದಿಂದಲೇ ರಿಮೋಟ್ ಒತ್ತಿದಾಗ ಲಾಕ್ ಟಕ್ ಅಂತ ತೆರೆದುಕೊಂಡಿತು. ಸೀಟು ಬರಿದಾಗಿತ್ತು.

"ಮೊದಲು ಮಿಟುಕೋ ರೋಗ ಮುಗಿಸೋಣ," ಅಂದಳು ಶಿಲ್ಪಶ್ರೀ.

"ಬಲ್ಬಲ್ಲೇ ಫಾಲ್ಟ್ ಇರ್ಬೇಕು ಮೇಡಂ. ನನ್ ವೈರಿಂಗ್ ಎಲ್ಲ ಪಕ್ಕಾ."

"ಹಾಗಾದ್ರೆ ಎಡಗಡೆ ಬಲ್ಬ್ ಬಲಕ್ಕೆ ಹಾಕಿ, ಬಲದ್ದು ಎಡಕ್ಕೆ. ಫಾಲ್ಟ್ ಬಲ್ಬಲ್ಲಿದ್ರೆ ಅದೂ ಜೊತೆಗೆ ಹೋಗುತ್ತೆ."

ಸೋಮನಾಥ್ ಅದಲುಬದಲು ಮಾಡಿದ. ಫ್ಯಾನ್ ತಿರುಗಿತು. ಮತ್ತೆ ಎಡಗಡೆಯದೇ ಮಿಟುಕಿತು.

"ಬಲ್ಬ್ ಬಚಾವಾಯ್ತು, ನೀವು ಸಿಕ್ಕಿಹಾಕ್ಕೊಂಡ್ರಿ," ಅಂದಳು ಶಿಲ್ಪಶ್ರೀ.

ಅವನು ನಗುತ್ತಲೇ ಬಾನೆಟ್ಟಿನೊಳಗೆ ಕೈ ಹಾಕಿ ಎಡಗಡೆಯ ಅರ್ತ್ ವೈರು ಹುಡುಕಿ ಎಳೆದ. ವೈರಿನ ತುದಿಯನ್ನು ಕಾರಿನ ಮೈಗೆ ಬೋಲ್ಟ್ ಹಾಕಿ ಬಿಗಿದಿದ್ದರೂ, ಕೆಳಗೆ ಪೇಂಟ್ ಹಾಗೇ ಇತ್ತು. ಲೋಹಕ್ಕೆ ಲೋಹ ತಾಗಬೇಕಾದ ಕಡೆ ಬಣ್ಣ ಅಡ್ಡ ಬಂದಿತ್ತು. ಫ್ಯಾನ್ ಕರೆಂಟ್ ಎಳೆದಾಗಲೆಲ್ಲ ಲೈಟಿಗೆ ಕೊರತೆ.

"ಹಬ್ಬದ ಗಡಿಬಿಡೀಲಿ ಮಾಡಿದ್ದು," ಅಂತ ಗೊಣಗಿ, ಉಪ್ಪುಕಾಗದದಿಂದ ಪೇಂಟ್ ಉಜ್ಜಿ, ಬೋಲ್ಟ್ ಬಿಗಿದ. ಫ್ಯಾನ್ ತಿರುಗಿತು. ಲೈಟು ದೇವರ ಕಣ್ಣಿನ ಹಾಗೆ ಅಲುಗಾಡದೆ ನಿಂತಿತು.

ಗೆದ್ದ ಖುಷಿಗೆ ಸೋಮನಾಥ್ ಕಾರಿನ ಎಫ್ಎಂ ಹಾಕಿದ. ಯಾರೋ ಹುಡುಗಿ ಬೆಂಗಳೂರಿನ ಟ್ರಾಫಿಕ್ ಬಗ್ಗೆ ಹಾಸ್ಯ ಹೇಳುತ್ತಿದ್ದಳು. ಅದು ಅರ್ಧಂಬರ್ಧ ಕೇಳಿಸಿ, ಉಳಿದದ್ದೆಲ್ಲ ಸುಯ್ ಅನ್ನುವ ಸದ್ದಲ್ಲಿ ಮುಳುಗಿಹೋಯಿತು.

"ಇದೊಂದು ಬೇರೆ," ಅಂದ ರವಿಕಿರಣ್. "ಲೈಟ್ ಹಾಕಿಸಿದಾಗಿಂದ ರೇಡಿಯೋ ಹಿಂಗೇ."

ಶಿಲ್ಪಶ್ರೀ ಅವನ ಕಡೆ ತಿರುಗಿದಳು. "ಲೈಟ್ ಆಫ್ ಮಾಡಿದ್ರೆ?"

ಸೋಮನಾಥ್ ಸ್ವಿಚ್ ತಿರುಗಿಸಿದ. ಲೈಟು ಆರಿತು. ಹುಡುಗಿಯ ಮಾತು ಗಾಜಿನಂತೆ ಸ್ಪಷ್ಟವಾಯಿತು. ಮತ್ತೆ ಹಾಕಿದ. ಸುಯ್.

"ಕಡಿಮೆ ದರ್ಜೆ ಎಲ್‌ಇಡಿ ಮೇಡಂ. ಬಲ್ಬ್ ಹಿಂದೆ ಒಂದು ಪುಟ್ಟ ಡಬ್ಬಿ ಬರುತ್ತಲ್ಲ, ಕರೆಂಟ್ ಹದ ಮಾಡೋದು. ಅದು ಗಲಾಟೆ ಮಾಡುತ್ತೆ. ಕಿವೀಗೆ ಕೇಳ್ಸಲ್ಲ, ರೇಡಿಯೋಗೆ ಕೇಳ್ಸುತ್ತೆ. ಹಾಡು ಕೇಳೋಕಷ್ಟೇ ತೊಂದರೆ, ಬೇರೇನಿಲ್ಲ."

ಶಿಲ್ಪಶ್ರೀ ಇನ್ಶೂರೆನ್ಸ್ ಕೆಲಸದಲ್ಲಿ ಕಲಿತದ್ದು ಒಂದೇ: ಜನ 'ಬೇರೇನಿಲ್ಲ' ಅಂದ ಜಾಗದಲ್ಲೇ ಕೈ ಹಾಕಬೇಕು. ಕಾರಿನಲ್ಲಿ ಗಾಳಿಯಲ್ಲಿ ಬರುವ ಮಾತಿಗೆ ಕಿವಿಗೊಡುವುದು ರೇಡಿಯೋ ಒಂದೇನಾ?

"ಗಂಗಾಧರಯ್ಯನವರೇ, ಇಲ್ಲಿ ಬನ್ನಿ. ಮೊನ್ನೆ ಇಳಿದು ಹೋದಿರಲ್ಲ, ಹಾಗೇ ಇನ್ನೊಂದ್ಸಲ ಇಳಿದು ಹೋಗಿ."

"ನಾನೇನು ನಾಟಕದವನಾ?"

"ನಿಮ್ಮ ಅಣ್ತಮ್ಮಂದಿರ ಮನೆ ಮಾನದ ಪ್ರಶ್ನೆ ಸಾರ್. ಒಂದ್ಸಲ."

ಅವರು ಎದ್ದರು. ಲೈಟು ಉರಿಯುತ್ತಿದ್ದ ಹಾಗೇ ಕಾರಿನೊಳಗೆ ಕೂತು, ಎಂಜಿನ್ ಆಫ್ ಮಾಡಿ, ಇಳಿದು, ಬಾಗಿಲು ದಬ್ಬಿ, ಪಂಚೆ ಚುಂಗು ಹಿಡಿದು ನಡೆದರು. ಕಾರು ಹಿಂದೆ ಬಿದ್ದ ಮೇಲೆ, ಊರೆಲ್ಲ ತಮ್ಮದೇ ಅನ್ನುವವರ ಹಾಗೆ, ತಿರುಗಿ ಕೂಡ ನೋಡದೆ ಹೆಗಲ ಮೇಲಿಂದ ರಿಮೋಟ್ ಒತ್ತಿದರು.

ಅಷ್ಟರಲ್ಲಿ ಒಂದು ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಹೋಯಿತು.

"ಲಾಕ್ ಆಯ್ತು," ಅಂದರು ಗಂಗಾಧರಯ್ಯ.

ಶಿಲ್ಪಶ್ರೀ ಹಿಂದಿನ ಬಾಗಿಲ ಹಿಡಿಕೆ ಎಳೆದಳು. ಬಾಗಿಲು ತವರಿಗೆ ಬಂದ ಮಗಳನ್ನು ಬರಮಾಡಿಕೊಳ್ಳುವ ಹಾಗೆ ಪೂರ್ತಿ ತೆರೆದುಕೊಂಡಿತು.

ರವಿಕಿರಣ್ ಬ್ಯಾಟರಿ ಮೇಲಿಂದ ಎದ್ದು ನಿಂತ.

"ರಿಮೋಟ್ ಸೆಲ್ ವೀಕ್ ಆಗಿರುತ್ತೆ," ಅಂದ ಸೋಮನಾಥ್ ಅವಸರದಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ಹೊಸ ಸೆಲ್ ಹಾಕಿ."

ಹಾಕಿದ. ಗಂಗಾಧರಯ್ಯ ಅದೇ ಜಾಗದಿಂದ ಒತ್ತಿದರು. ಏನಿಲ್ಲ. ಇನ್ನೊಂದು ಕೀಯ ರಿಮೋಟ್ ಒತ್ತಿದರು. ಅದೂ ಇಲ್ಲ. ಕಾರಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಒತ್ತಿದಾಗ ಮಾತ್ರ ಟಕ್ ಅಂದಿತು.

"ಈಗ ಲೈಟ್ ಆಫ್ ಮಾಡಿ," ಅಂದಳು ಶಿಲ್ಪಶ್ರೀ. ರಿಮೋಟ್ ಇಸಿದುಕೊಂಡು ರಸ್ತೆ ದಾಟಿದಳು. ಎದುರಿನ ಎಳನೀರಿನ ಗಾಡಿಯ ಪಕ್ಕ ನಿಂತು ಒತ್ತಿದಳು. ಕಾರು ಇಂಡಿಕೇಟರ್ ಮಿಟುಕಿಸಿ ಟಕ್ ಅಂತ ಲಾಕ್ ಆಯಿತು. ವಿಧೇಯ ನಾಯಿಮರಿಯ ಹಾಗೆ.

ವಾಪಸ್ ಬರುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಈ ಗಳಿಗೆಗೋಸ್ಕರವೇ ಅಲ್ಲವೇ, ಮನೆ ಮಗು ಅಡುಗೆ ಎಲ್ಲ ಮುಗಿಸಿ ಮತ್ತೆ ಈ ಕೆಲಸಕ್ಕೆ ಹೆಗಲು ಕೊಡುವುದು.

"ಲೈಟ್ ಉರೀತಿದ್ರೆ ರಿಮೋಟ್ ಕೂಗೋದು ಕಾರಿಗೆ ಕೇಳ್ಸಲ್ಲ. ಮೊನ್ನೆ ನೀವು ಬಟನ್ ಒತ್ತಿದ್ರಿ, ಕಾರು ಲಾಕ್ ಆಗ್ಲೇ ಇಲ್ಲ. ಪೆಟ್ಟಿಗೆ ತೆಗೆಯೋಕೆ ಯಾರಿಗೂ ಕೀ ಬೇಕಿರ್ಲಿಲ್ಲ ಸಾರ್. ಕೈ ಇದ್ರೆ ಸಾಕಿತ್ತು."

"ಆಗಲ್ಲ," ಅಂದರು ಗಂಗಾಧರಯ್ಯ. ಕುತ್ತಿಗೆಯ ನರ ಉಬ್ಬಿತ್ತು. "ವಾಪಸ್ ಬಂದಾಗ ಟಕ್ ಅಂತ ತೆಗೀತಲ್ಲ. ನಾನೇ ಕೇಳಿಸ್ಕೊಂಡಿದ್ದೀನಿ. ಲಾಕ್ ಆಗದೆ ಇರೋದು ಹೆಂಗೆ ತೆಗೀತದೆ?"

"ಸೋಮನಾಥ್, ತಗೊಳ್ಳಿ ರಿಮೋಟ್, ಲಾಕ್ ತೆಗೀರಿ. ಈಗ ಇನ್ನೊಂದ್ಸಲ ತೆಗೆಯೋ ಬಟನ್ನೇ ಒತ್ತಿ."

ಟಕ್. ಇಂಡಿಕೇಟರ್ ಮಿಟುಕಿತು. ಆಗಲೇ ತೆರೆದಿದ್ದ ಕಾರು ಮತ್ತೊಮ್ಮೆ ತೆರೆದುಕೊಂಡ ಹಾಗೆ ನಟಿಸಿತು.

ಗಂಗಾಧರಯ್ಯ ಕಾರನ್ನೇ ನೋಡಿದರು. ಆಮೇಲೆ ಕೈಯಲ್ಲಿದ್ದ ಕೀ ನೋಡಿದರು. "ಅಂದ್ರೆ ತಪ್ಪು ನಂದು ಅಂತೀಯಾ?"

"ತಪ್ಪು ಲೈಟಿಂದು. ಆದ್ರೆ ರವಿಕಿರಣಂದಂತೂ ಅಲ್ಲ. ಸಂಜೆ ಹಿರಿಯರ ಮುಂದೆ ಇದನ್ನ ನಾನೇ ಮಾಡಿ ತೋರಿಸ್ತೀನಿ."

ಮುದುಕರ ಕೈ ತಾನಾಗಿಯೇ ಮುಂದೆ ಬಂದು, ಎರಡನೇ ಕೀಯನ್ನು ರವಿಕಿರಣನ ಕಡೆ ಚಾಚಿತು. "ಇಟ್ಕೊ. ನಿನ್ ಹತ್ರಾನೇ ಇರ್ಲಿ."

ರವಿಕಿರಣ್ ಕೀ ತಗೊಂಡ. "ಪೊಲೀಸು, ದೊಡ್ಡಪ್ಪಾ?"

"ಇಲ್ಲ ಕಣೋ. ಹೋಗ್ಲಿ ಬಿಡು."

ಹುಡುಗ ಮುಖ ಆ ಕಡೆ ತಿರುಗಿಸಿ ಅಂಗಿ ತೋಳಿಂದ ಕಣ್ಣೊರೆಸಿಕೊಂಡ. ಸೋಮನಾಥ್ ಅವನ ಬೆನ್ನಿಗೆ ಗುದ್ದಿದ. "ಏನ್ ಮಗಾ, ನನ್ ಲೈಟ್ ಕೆಟ್ಟಿದ್ದಕ್ಕೇ ನೀನ್ ಬಚಾವಾದೆ. ಒಂದ್ ಥ್ಯಾಂಕ್ಸ್ ಇಲ್ವಾ?"

"ನಿನ್ ಲೈಟಿಂದಾನೇ ಸಿಕ್ಕಿಹಾಕ್ಕೊಂಡಿದ್ದು ಗುರು," ಅಂದ ರವಿಕಿರಣ್. ಎಲ್ಲರೂ ನಕ್ಕರು. ಗಂಗಾಧರಯ್ಯ ಕೂಡ, ಅರ್ಧ. ಎಳನೀರು ತರಿಸಿದರು.

ಶಿಲ್ಪಶ್ರೀ ಎಳನೀರು ಹೀರುತ್ತಾ ಕಾರಿಗೆ ಒರಗಿ ನಿಂತಳು. ಕೆಲಸ ಮುಗಿದಿತ್ತು. ಸೊಣ್ಣಮ್ಮ ಕೇಳಿದ್ದು ಇಷ್ಟೇ. ಆದರೆ ಸ್ಟ್ರಾ ಬಾಯಲ್ಲಿದ್ದಂತೆಯೇ ಅವಳಿಗೆ ಒಂದು ವಿಷಯ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡಿತು.

ವಾಪಸ್ ಬಂದಾಗ ರಿಮೋಟ್ ಕೆಲಸ ಮಾಡಿತ್ತು, ದೂರದಿಂದಲೇ. ಹಾಗಾದರೆ ಆಗ ಲೈಟು?

"ವಾಪಸ್ ಬಂದಾಗ ಹೆಡ್‌ಲೈಟ್ ಉರೀತಿತ್ತಾ?" ಅಂತ ಕೇಳಿದಳು.

"ಇಲ್ಲ, ಆರಿತ್ತು," ಅಂದರು ಗಂಗಾಧರಯ್ಯ. "ಇವನ ಲೈಟು ಮತ್ತೆ ಕೆಡ್ತು ಅಂದ್ಕೊಂಡೆ."

"ಎರಡೂ ಆರಿತ್ತಾ?"

"ಎರಡೂನೂ."

ಸೋಮನಾಥ್ ತಲೆಯಾಡಿಸಿದ. "ಕೆಟ್ಟಿದ್ದು ಎಡಗಡೆ ಮಾತ್ರ. ಅದೂ ಫ್ಯಾನ್ ತಿರುಗಿದಾಗ. ಗಾಡಿ ನಿಂತಿದ್ದಾಗ ಫ್ಯಾನೇ ತಿರುಗಲ್ವಲ್ಲ."

"ರವಿ, ಆಮೇಲೆ ಲೈಟ್ ಮತ್ತೆ ಹತ್ತಿದ್ದು ಹೇಗೆ?"

ರವಿಕಿರಣ್ ನೆನಪು ಮಾಡಿಕೊಂಡ. "ಪೆಟ್ಟಿಗೆ ಇಲ್ಲ ಅಂತ ಗೊತ್ತಾಗಿ, ಸೀಟ್ ಕೆಳಗೆಲ್ಲ ಹುಡುಕೋಕೆ ಅಂತ ನಾನೇ ಒಳಗಿನ ಲೈಟು, ಹೆಡ್‌ಲೈಟು ಎಲ್ಲ ಹಾಕಿದೆ. ಸ್ವಿಚ್ ತಿರುಗಿಸಿದೆ, ಹತ್ತಿತು."

"ತಿರುಗಿಸಿದೆ ಅಂದ್ರೆ ಸ್ವಿಚ್ ಆಫಲ್ಲಿತ್ತು."

"ಹೂಂ." ಅವನು ಅಂದ ಮೇಲೆ ಅವನಿಗೇ ಅರ್ಥವಾಯಿತು. "ಆಫಲ್ಲಿತ್ತು."

ಕೆಟ್ಟ ಲೈಟು ತಾನಾಗಿ ಆರುತ್ತದೆ. ಸ್ವಿಚ್ಚು ತಾನಾಗಿ ತಿರುಗುವುದಿಲ್ಲ. ಹಿಂದಿನ ಸೀಟಿನ ಪೆಟ್ಟಿಗೆ ಕದಿಯಲು ಬಂದವನು, ಜನ ಓಡಾಡುವ ರಸ್ತೆಯಲ್ಲಿ, ಮುಂದಿನ ಬಾಗಿಲನ್ನೂ ತೆಗೆದು ಲೈಟು ಆರಿಸಿ ಹೋಗುತ್ತಾನೆಯೇ? ಕಳ್ಳನಿಗೆ ಯಾಕೆ ಬೇಕು ಬ್ಯಾಟರಿಯ ಚಿಂತೆ?

"ಸಾರ್, ನಿಮ್ಮ ಪದ್ಧತಿಯಲ್ಲಿ ಈ ಬೆಳಕನ್ನ ಆರಿಸೋದು ಯಾವಾಗ?"

"ಆರಿಸೋದು ಅನ್ಬಾರ್ದಮ್ಮ. ಶಾಂತ ಮಾಡೋದು." ಗಂಗಾಧರಯ್ಯ ಎಳನೀರು ಕೆಳಗಿಟ್ಟರು. ಅವರ ಧ್ವನಿ ನಿಧಾನವಾಯಿತು. "ಪೆಟ್ಟಿಗೆ ಎತ್ತೋಕೆ ಮುಂಚೆ ತಾಯಿ ಮುಂದೆ ಎಣ್ಣೆ ದೀಪ ಹಚ್ಬೇಕು. ಅದು ಹತ್ತಿದ ಮೇಲೇನೇ ಗಾಡಿ ಬೆಳಕನ್ನ ಶಾಂತ ಮಾಡ್ಬೇಕು. ಆ ದೀಪ ಪೂಜೆ ಮುಗಿಯೋವರೆಗೂ ನಂದ್ಬಾರ್ದು."

"ಯಾರು ಬೇಕಾದ್ರೂ ಮಾಡಬಹುದಾ?"

"ಗಂಡಸರು ಮುಟ್ಟೋ ಹಂಗಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಕುಲಕ್ಕೆ ಹೋದವರು, ಅವರೂ ಮುಟ್ಟೋ ಹಂಗಿಲ್ಲ. ಮನೆಗೆ ಬಂದ ಸೊಸೆ ಮಾಡ್ಬೇಕು."

ಶಿಲ್ಪಶ್ರೀ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಬಗ್ಗಿದಳು. ಕವರಿನ ಅಂಚಿನಲ್ಲಿ ಕಾಸಿನಗಲ ಒಂದು ಕಲೆ. ಬೆರಳಿಂದ ಉಜ್ಜಿ ಮೂಸಿದಳು. ಎಳ್ಳೆಣ್ಣೆ.

"ಪೆಟ್ಟಿಗೆ ಇಡೋ ನಿಮ್ಮ ಎರಡು ಮನೆಯಲ್ಲಿ ಈಗ ಸೊಸೆಯಂದಿರು ಎಷ್ಟು ಜನ?"

"ನನ್ ಹೆಂಡ್ತಿ ಹೋಗಿ ವರ್ಷಗಳಾಯ್ತು," ಅಂದರು ಗಂಗಾಧರಯ್ಯ. "ಗಂಡುಮಕ್ಕಳು ನನಗಿಲ್ಲ."

ಉಳಿದ ಸೊಸೆ ಸೊಣ್ಣಮ್ಮ ಒಬ್ಬಳೇ. ರವಿಕಿರಣ್ ಕೀ ಹಿಡಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ, ಅದನ್ನು ಯಾರೋ ಮತ್ತೆ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ.

"ಅಮ್ಮ ಯಾಕೆ ಕದೀತಾಳೆ?" ಅಂದ. "ನಮ್ಮನೆಗೇ ತಾನೇ ಬರ್ತಿದ್ದಿದ್ದು? ಅವತ್ತೇ, ಇನ್ನೊಂದು ಸ್ವಲ್ಪ ಹೊತ್ತಿಗೆ?"

ತನ್ನ ಮನೆಗೇ ಬರುತ್ತಿದ್ದ ದೇವರನ್ನು ದಾರಿಯಲ್ಲಿ ಅಡ್ಡಗಟ್ಟುವ ಕಳ್ಳಿಯನ್ನು ಶಿಲ್ಪಶ್ರೀ ಇದುವರೆಗೆ ನೋಡಿರಲಿಲ್ಲ. ಅದೂ, ತನ್ನನ್ನೇ ಹುಡುಕಲು ತಾನೇ ಪತ್ತೇದಾರಳನ್ನು ಗೊತ್ತುಮಾಡಿದ ಕಳ್ಳಿ.

"ಫೋನ್ ಮಾಡು," ಅಂದಳು. "ಸ್ಪೀಕರಲ್ಲಿ ಹಾಕು."

ಅವನು ದೊಡ್ಡಪ್ಪನ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಫೋನ್ ಹಚ್ಚಿದ.

"ಏನಾಯ್ತೋ?" ಸೊಣ್ಣಮ್ಮನ ಧ್ವನಿ. ಹಿಂದೆ ಪಾತ್ರೆ ಸದ್ದು.

"ನಾನು ತಗೊಂಡಿಲ್ಲ ಅಂತ ಗೊತ್ತಾಯ್ತಮ್ಮ. ಕಾರು ಲಾಕ್ ಆಗಿರ್ಲಿಲ್ಲ. ದೊಡ್ಡಪ್ಪ ಒಪ್ಕೊಂಡ್ರು."

ಆ ಕಡೆ ಪಾತ್ರೆ ಸದ್ದು ನಿಂತಿತು. ಉದ್ದನೆಯ ಉಸಿರೊಂದು ಕೇಳಿಸಿತು. "ಒಪ್ಕೊಂಡ್ರಾ. ಸದ್ಯ. ಆ ಮೇಡಂ ಹೊಟ್ಟೆ ತಣ್ಣಗಿರ್ಲಿ."

"ಅಮ್ಮ." ಅವನು ಕಾರಿನ ಸ್ವಿಚ್ಚಿನ ಕಡೆ ನೋಡಿದ. "ಕಾರಿನ ಲೈಟು ಶಾಂತ ಮಾಡಿದ್ದು ನೀನಾ?"

ಬಸ್ಸೊಂದು ಹೋದ ಸದ್ದು, ಈ ಕಡೆಯದೋ ಆ ಕಡೆಯದೋ.

"ಭಾವ ಅಲ್ಲೇ ಇದ್ದಾರಾ?"

"ಇದ್ದಾರೆ."

"ಮೇಡಮ್ಮೂ ಇದ್ದಾರಾ? ಒಳ್ಳೇದಾಯ್ತು. ಹೂಂ ಕಣಪ್ಪಾ, ನಾನೇ. ತಾಯೀನ ಎದುರುಗೊಳ್ಳೋಕೆ ಅಂತ ದೀಪ ಹಿಡ್ಕೊಂಡು ಹೂವಿನಂಗಡಿ ಹತ್ರ ಬಂದಿದ್ದೆ. ನೋಡಿದ್ರೆ ಗಾಡೀಲಿ ಒಬ್ಬರೂ ಇಲ್ಲ, ಬಾಗಿಲು ಬೇರೆ ತೆಗೆದೇ ಇದೆ. ನಡುರಸ್ತೇಲಿ ಒಬ್ಬಳನ್ನೇ ಹೆಂಗೆ ಬಿಡ್ಲಿ? ಎತ್ಕೊಂಡು ಆಟೋದಲ್ಲಿ ಮನೆಗೆ ಬಂದೆ. ಹೇಳೋಣ ಅಂತಾನೇ ಇದ್ದೆ ಕಣೋ. ಅಷ್ಟರಲ್ಲಿ ಪೀಠದ ಮೇಲೆ ಇಡೋಕೆ ಪೆಟ್ಟಿಗೆ ತೆಗೆದೆ."

"ತೆಗೆದು?"

"ಒಳಗೆ ತಾಯಿ ಇಲ್ಲ. ಹಳದಿ ಬಟ್ಟೆ ಸುತ್ತಿದ ಒಂದು ಇಟ್ಟಿಗೆ ಇದೆ. ಅದರ ಮುಂದೇನೇ ಎರಡು ದಿನದಿಂದ ದೀಪ ಉರಿಸ್ತಾ ಕೂತಿದ್ದೀನಿ."

ರವಿಕಿರಣ್ ಫೋನನ್ನು ತನ್ನಿಂದ ದೂರ ಹಿಡಿದ, ಬಿಸಿ ತಾಗಿದವನ ಹಾಗೆ.

"ಬಾಯಿ ಬಿಟ್ಟಿದ್ರೆ, ಮುಖ ತೆಗೆದು ಇಟ್ಟಿಗೆ ಇಟ್ಟಿದ್ದು ನಾನೇ ಅಂತಿದ್ರು. ಅದ್ಕೇ ಮೇಡಂ, ಮೊದ್ಲು ನನ್ ಮಗನ್ನ ಬಿಡಿಸಿ ಅಂತ ನಿಮ್ಮನೆ ಬಾಗಿಲಿಗೆ ಬಂದೆ," ಅಂದಳು ಸೊಣ್ಣಮ್ಮ. "ಸಾರಕ್ಕೀಲಿ ಪೆಟ್ಟಿಗೆ ಮುಚ್ಚಿ ದಾರ ಕಟ್ಟಿದ್ದು ಯಾರು ಅಂತ ಈಗ ಭಾವನ್ನೇ ಕೇಳಿ."

ಶಿಲ್ಪಶ್ರೀ ಕೇಳಬೇಕಾಗಿ ಬರಲಿಲ್ಲ. ಗಂಗಾಧರಯ್ಯ ಆಗಲೇ ಎದ್ದು ಬಂದು ಫೋನಿನ ಮೇಲೆ ಬಗ್ಗಿದ್ದರು. ಯಾವ ಇಟ್ಟಿಗೆ ಅಂತ ಅವರು ಕೇಳಲಿಲ್ಲ. ತಾಯಿ ಎಲ್ಲಿ ಅಂತಲೂ ಕೇಳಲಿಲ್ಲ.

"ಸೊಣ್ಣಿ," ಅಂದರು, ಧ್ವನಿ ತಗ್ಗಿಸಿ. "ಅದನ್ನ ಇನ್ಯಾರಿಗಾದ್ರೂ ತೋರಿಸಿದ್ಯಾ?"